ಲೈವ್ ಶೋಗೆ ಗಿಟಾರ್ ಶ್ರುತಿ ಇಳಿಸುವುದು: ಗಾಯಕರ ಗಂಟಲಿನಿಂದ ಟ್ರಸ್ ರಾಡ್‌ವರೆಗೆ

ಸ್ಟುಡಿಯೋದಲ್ಲಿ ಹಾಡುವವರಿಗೆ ಒಂದು ಅನುಕೂಲ ಇದೆ. ಎತ್ತರದ ಸ್ವರ ಸರಿಯಾಗಿ ಬರಲಿಲ್ಲ ಅಂದರೆ ಸ್ವಲ್ಪ ಸುಧಾರಿಸಿಕೊಂಡು ಅದೇ ಸಾಲನ್ನು ಮತ್ತೆ ಹಾಡಬಹುದು. ಸ್ಟೇಜ್ ಮೇಲೆ ಅದೇ ಸ್ವರ ಹದಿನಾಲ್ಕನೇ ಹಾಡಿನಲ್ಲಿ ಎದುರಾಗುತ್ತದೆ. ಆ ಹೊತ್ತಿಗೆ ಗಂಟೆಗಟ್ಟಲೆ ಡ್ರಮ್ಸ್ ಸದ್ದನ್ನು ಮೀರಿ ಹಾಡಿ ಗಂಟಲು ಸೋತಿರುತ್ತದೆ. ಮಾರನೇ ದಿನ ಇನ್ನೊಂದು ಶೋ ಬೇರೆ. ಎಷ್ಟೋ ರಾಕ್ ಬ್ಯಾಂಡುಗಳು ಲೈವ್ ಶೋಗೆ ಬಂದಾಗ ಗಿಟಾರ್‌ಗಳನ್ನು ಅರ್ಧ ಸ್ವರವೋ (ಕೀಬೋರ್ಡಿನ ಕಪ್ಪು ಬಿಳಿ ಕೀಗಳೆರಡನ್ನೂ ಎಣಿಸಿದರೆ ಒಂದು ಕೀಯಷ್ಟು), ಪೂರ್ತಿ ಒಂದು ಸ್ವರವೋ (ಎರಡು ಕೀಯಷ್ಟು) ಇಳಿಸುವುದು ಮುಖ್ಯವಾಗಿ ಇದಕ್ಕೇ.

ಮೆಟಾಲಿಕಾ 1980ರ ದಶಕದಲ್ಲಿ ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲಿ, ಅಂದರೆ ಗಿಟಾರ್‌ನ ಮಾಮೂಲು ಶ್ರುತಿಯಲ್ಲಿ, ರೆಕಾರ್ಡ್ ಮಾಡಿದ ಬಹುಪಾಲು ಹಾಡುಗಳನ್ನು 1990ರ ದಶಕದ ನಡುವಿನಿಂದ ಸ್ಟೇಜ್ ಮೇಲೆ ಅರ್ಧ ಸ್ವರ ಕೆಳಗೆ ನುಡಿಸುತ್ತಾ ಬಂದಿದೆ. ಜಿಮಿ ಹೆಂಡ್ರಿಕ್ಸ್, ಸ್ಟೀವಿ ರೇ ವಾನ್, ಗನ್ಸ್ ಎನ್ ರೋಸಸ್ ಹೆಚ್ಚಾಗಿ ನುಡಿಸಿದ್ದೂ ಅರ್ಧ ಸ್ವರ ಕೆಳಗೇ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಗಾಯಕರು ಕೇಳಿದಾಗ 'ಸೋತುಬಿಟ್ಟೆಯಾ' ಅಂತ ಹೀಗಳೆಯುವ ಬ್ಯಾಂಡುಗಳನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ತಂತಿ ಹರಿದರೆ ಹೊಸದು ಹಾಕಬಹುದು, ಗಂಟಲಿಗೆ ಆ ಸೌಕರ್ಯ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಗಿಟಾರ್ ಹಾಗೇ ಇರಲಿ, ಕಾರ್ಡ್‌ಗಳನ್ನು ಮಾತ್ರ ಬದಲಿಸಿಕೊಂಡರೆ ಆಗುವುದಿಲ್ವಾ? ಕೆಲವು ಹಾಡುಗಳಿಗೆ ಆಗುತ್ತದೆ. ಆದರೆ ರಾಕ್‌ನ ಅರ್ಧಕ್ಕರ್ಧ ರಿಫ್‌ಗಳು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ಸಾಲುಗಳು) ಬಿಟ್ಟ ತಂತಿಯ ಮೇಲೆ, ಅಂದರೆ ಬೆರಳಿಂದ ಒತ್ತದ ತಂತಿಯ ಮೇಲೆ, ನಿಂತಿವೆ. ಅತಿ ದಪ್ಪದ ಆರನೇ ತಂತಿಯನ್ನು ಒತ್ತದೆ ನುಡಿಸುವ ಇ ಸ್ವರಕ್ಕಿಂತ ಕೆಳಗೆ ಆ ಗಿಟಾರ್‌ನಲ್ಲಿ ಸ್ವರವೇ ಇಲ್ಲ. ಇ ಮೇಲೆ ಕಟ್ಟಿದ ರಿಫ್ಫನ್ನು ಇ ಫ್ಲಾಟ್‌ಗೆ, ಅಂದರೆ ಇಗಿಂತ ಅರ್ಧ ಸ್ವರ ಕೆಳಗೆ, ಒಯ್ಯಬೇಕಾದರೆ ತಂತಿಯನ್ನೇ ಇಳಿಸಬೇಕು. ಹಾಗೆ ಮಾಡಿದರೆ ಬೆರಳಿನ ಆಕಾರಗಳೆಲ್ಲ ಹಾಗೇ ಉಳಿಯುತ್ತವೆ, ಕಲಿತದ್ದನ್ನು ಮರೆಯಬೇಕಿಲ್ಲ.

ಮೊದಲ ಹೆಜ್ಜೆ: ಎಷ್ಟು ಇಳಿಸಬೇಕು ಅಂತ ತೀರ್ಮಾನಿಸಿ

ಇದನ್ನು ಗಿಟಾರ್ ನುಡಿಸುವವರು ತೀರ್ಮಾನಿಸಬಾರದು. ಹಾಡುವವರು ತೀರ್ಮಾನಿಸಬೇಕು, ಅದೂ ಪ್ರಾಕ್ಟೀಸ್‌ನ ಕೊನೆಯಲ್ಲಿ. ಶುರುವಿನಲ್ಲಿ ಗಂಟಲು ತಾಜಾ ಇರುತ್ತದೆ, ಎಲ್ಲ ಸ್ವರವೂ ಸಿಗುತ್ತದೆ, ಎಲ್ಲರೂ 'ಇದೇ ಸರಿ ಇದೆಯಲ್ಲ' ಅಂತ ಸುಮ್ಮನಾಗುತ್ತಾರೆ. ಹಾಗಾಗಿ ಶೋನಲ್ಲಿ ಹಾಡುವಷ್ಟೂ ಹಾಡುಗಳನ್ನು ನಿಲ್ಲಿಸದೆ ಹಾಡಿ. ಆಮೇಲೆ ಅತಿ ಕಷ್ಟದ ಹಾಡಿನ ಅತಿ ಎತ್ತರದ ಸಾಲನ್ನು ಮೂರು ಥರ ಪ್ರಯತ್ನಿಸಿ: ಇರುವ ಶ್ರುತಿಯಲ್ಲಿ, ಅರ್ಧ ಸ್ವರ ಕೆಳಗೆ, ಒಂದು ಸ್ವರ ಕೆಳಗೆ. ಇದಕ್ಕೆ ಗಿಟಾರನ್ನು ಬಿಚ್ಚಿ ಕಟ್ಟಬೇಕಿಲ್ಲ. ಟ್ರಾನ್ಸ್‌ಪೋಸ್ ಬಟನ್ (ಇಡೀ ಶ್ರುತಿಯನ್ನು ಏರಿಸಿ ಇಳಿಸುವ ಬಟನ್) ಇರುವ ಕೀಬೋರ್ಡ್ ಸಾಕು.

ಸ್ವರ ಸಿಕ್ಕಿತೋ ಇಲ್ವೋ ಅನ್ನುವುದಷ್ಟೇ ಲೆಕ್ಕವಲ್ಲ. ಸಿಕ್ಕಿದ ಸ್ವರದಲ್ಲಿ ಪದಗಳು ಸ್ಪಷ್ಟವಾಗಿವೆಯಾ, ಕತ್ತಿನ ನರ ಉಬ್ಬುತ್ತಿದೆಯಾ, ಮುಂದಿನ ಸಾಲಿಗೆ ಉಸಿರು ಉಳಿದಿದೆಯಾ ಅಂತ ನೋಡಿ. ಹಾಗೇ ಹಾಡಿನ ತಗ್ಗಿನ ಸಾಲುಗಳನ್ನೂ ಪರೀಕ್ಷಿಸಿ. ತುಂಬ ಇಳಿಸಿದರೆ ಚರಣದ ಕೆಳಗಿನ ಸ್ವರಗಳು ಬರೀ ಗೊಣಗಾಟ ಆಗಿಬಿಡುತ್ತವೆ, ಬ್ಯಾಂಡಿನ ಸದ್ದಿನಲ್ಲಿ ಕೇಳಿಸುವುದೇ ಇಲ್ಲ. ಜೊತೆಗೆ ಹಾಡುವವರಿಗೂ ಇದೇ ಪರೀಕ್ಷೆ ಬೇಕು. ಕೆಳಗಿನ ಹಾರ್ಮೊನಿ ಹಾಡುವವರು ಮೊದಲು ಕಷ್ಟಕ್ಕೆ ಸಿಗುತ್ತಾರೆ.

ನನ್ನ ಅನುಭವದಲ್ಲಿ ಬಹುಪಾಲು ಬ್ಯಾಂಡುಗಳಿಗೆ ಅರ್ಧ ಸ್ವರವೇ ಸಾಕು. ಕೇಳುವವರಿಗೆ ಹಾಡಿನ ಸ್ವಭಾವ ಬದಲಾದಂತೆ ಅನಿಸುವುದಿಲ್ಲ. ಒಂದು ಸ್ವರ ಇಳಿಸಿದರೆ ಗಿಟಾರ್‌ನ ದನಿಯೇ ಬೇರೆಯಾಗುತ್ತದೆ. ಅದು ಬೇಕು ಅಂತ ಇಳಿಸುವುದು ಬೇರೆ ವಿಷಯ, ಗೊತ್ತಿಲ್ಲದೆ ಅಲ್ಲಿಗೆ ಹೋಗಬೇಡಿ.

ಸ್ವರಗಳು ಆರನೇ ತಂತಿಯಿಂದ ಒಂದನೇ ತಂತಿಯವರೆಗೆ ಹೀಗಿರುತ್ತವೆ (ಫ್ಲಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ):

ಸ್ಟ್ಯಾಂಡರ್ಡ್: ಇ, ಎ, ಡಿ, ಜಿ, ಬಿ, ಇ
ಅರ್ಧ ಸ್ವರ ಕೆಳಗೆ: ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಜಿ ಫ್ಲಾಟ್, ಬಿ ಫ್ಲಾಟ್, ಇ ಫ್ಲಾಟ್
ಒಂದು ಸ್ವರ ಕೆಳಗೆ: ಡಿ, ಜಿ, ಸಿ, ಎಫ್, ಎ, ಡಿ
ಒಂದೂವರೆ ಸ್ವರ ಕೆಳಗೆ: ಸಿ ಶಾರ್ಪ್, ಎಫ್ ಶಾರ್ಪ್, ಬಿ, ಇ, ಜಿ ಶಾರ್ಪ್, ಸಿ ಶಾರ್ಪ್

ಕೊನೆಯದು ಬ್ಲ್ಯಾಕ್ ಸಬತ್‌ನ ಟೋನಿ ಅಯೋಮಿಯಿಂದ ಹೆಸರಾದದ್ದು. ಕಾರ್ಖಾನೆಯ ಅಪಘಾತದಲ್ಲಿ ಅವರ ಬಲಗೈಯ ಎರಡು ಬೆರಳುಗಳ ತುದಿ ಹೋಗಿತ್ತು. ಅವರು ಎಡಗೈಯವರು, ಅಂದರೆ ಫ್ರೆಟ್ (ಗಿಟಾರ್‌ನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತುವ ಕೈಯೇ ಅದು. ಸಡಿಲ ತಂತಿ ಆ ಬೆರಳುಗಳಿಗೆ ಹಗುರವಾಗಿತ್ತು. 1971ರ ಆಲ್ಬಮ್‌ನಲ್ಲಿ ಅವರು ಸಿ ಶಾರ್ಪ್‌ವರೆಗೆ ಇಳಿಸಿ ನುಡಿಸಿದರು. ಆ ಭಾರವಾದ ದನಿಯೇ ಮುಂದೆ ಮೆಟಲ್ ಸಂಗೀತದ ಗುರುತಾಯಿತು.

ಡ್ರಾಪ್ ಡಿ ಅನ್ನುವುದು ಇದಲ್ಲ. ಅದರಲ್ಲಿ ಆರನೇ ತಂತಿ ಮಾತ್ರ ಇ ಇಂದ ಡಿಗೆ ಇಳಿಯುತ್ತದೆ, ಉಳಿದವು ಹಾಗೇ ಇರುತ್ತವೆ. ಒಂದೇ ಬೆರಳಲ್ಲಿ ಪವರ್ ಕಾರ್ಡ್ (ರಾಕ್‌ನಲ್ಲಿ ಹೆಚ್ಚಾಗಿ ಬಳಸುವ ಸರಳ ಕಾರ್ಡ್) ಸಿಗುತ್ತದೆ, ಆದರೆ ಗಾಯಕರಿಗೆ ಇದರಿಂದ ಏನೂ ಉಪಯೋಗವಿಲ್ಲ.

ಎರಡನೇ ಹೆಜ್ಜೆ: ತಂತಿಯ ದಪ್ಪ

ಕೀಲಿ ತಿರುಗಿಸಿ ಸ್ವರ ಇಳಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರು ಎಡವುವುದು ಇಲ್ಲೇ. ತಂತಿಯ ಬಿಗಿತ ಸ್ವರದ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಅರ್ಧ ಸ್ವರ ಇಳಿಸಿದರೆ ಬಿಗಿತ ಸುಮಾರು 11 ಶೇಕಡಾ ಕಡಿಮೆಯಾಗುತ್ತದೆ. ಒಂದು ಸ್ವರಕ್ಕೆ ಸುಮಾರು 21 ಶೇಕಡಾ, ಒಂದೂವರೆ ಸ್ವರಕ್ಕೆ ಸುಮಾರು 29 ಶೇಕಡಾ. ಅಷ್ಟು ಸಡಿಲವಾದ ತಂತಿ ಫ್ರೆಟ್‌ಗೆ ಬಡಿಯುತ್ತದೆ. ಜೋರಾಗಿ ಮೀಟಿದಾಗ ಸ್ವರ ಮೊದಲು ಮೇಲಕ್ಕೆ ಹಾರಿ ಆಮೇಲೆ ಕೆಳಗೆ ಬಂದು ನಿಲ್ಲುತ್ತದೆ. ಕಾರ್ಡ್ ಹಿಡಿಯುವಾಗ ಬೆರಳು ಸ್ವಲ್ಪ ಜಾಸ್ತಿ ಒತ್ತಿದರೂ ಬೇಸುರ.

ಇದಕ್ಕೆ ಪರಿಹಾರ ದಪ್ಪ ತಂತಿ. ಒಂದೊಂದು ಅರ್ಧ ಸ್ವರಕ್ಕೂ ತಂತಿಯ ದಪ್ಪ ಸುಮಾರು 6 ಶೇಕಡಾ ಹೆಚ್ಚಾದರೆ ಹಳೆಯ ಬಿಗಿತವೇ ಸಿಗುತ್ತದೆ. ಈಗ 10-46 ಸೆಟ್ ಹಾಕುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಅಂದರೆ ತೆಳು ತಂತಿ 0.010 ಇಂಚು, ದಪ್ಪ ತಂತಿ 0.046 ಇಂಚು. ಅರ್ಧ ಸ್ವರಕ್ಕೆ ಅದನ್ನೇ ಉಳಿಸಿಕೊಂಡು ಸ್ವಲ್ಪ ಹಗುರವಾಗಿ ನುಡಿಸಬಹುದು, ಇಲ್ಲವೇ 11-49 ಹಾಕಬಹುದು. ಒಂದು ಸ್ವರಕ್ಕೆ 11-52 ಸರಿಹೋಗುತ್ತದೆ. ಒಂದೂವರೆ ಸ್ವರಕ್ಕೆ 12-54 ಅಥವಾ 12-56.

ಇದೇ ನಿಯಮ ಅಲ್ಲ. ಸಡಿಲ ತಂತಿಯಲ್ಲಿ ಬೆಂಡ್ ಮಾಡುವುದು, ಅಂದರೆ ತಂತಿಯನ್ನು ಬೆರಳಿಂದ ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದು, ಸುಲಭ, ಲೀಡ್ ನುಡಿಸುವವರು ಅದನ್ನೇ ಇಷ್ಟಪಡಬಹುದು. ವಾನ್ ಇದಕ್ಕೆ ತದ್ವಿರುದ್ಧ: ಅರ್ಧ ಸ್ವರ ಇಳಿಸಿಯೂ ಒಂದನೇ ತಂತಿಗೆ 0.013 ಇಂಚಿನ ದಪ್ಪ ತಂತಿ ಹಾಕಿ ನುಡಿಸುತ್ತಿದ್ದರು. ನಿಮ್ಮ ಬಲಗೈ ಎಷ್ಟು ಜೋರು ಅನ್ನುವುದರ ಮೇಲೆ ಇದು ನಿಂತಿದೆ.

ಗಿಟಾರ್‌ನ ಸ್ಕೇಲ್ ಉದ್ದವನ್ನೂ, ಅಂದರೆ ಕಂಪಿಸುವ ತಂತಿಯ ಉದ್ದವನ್ನೂ, ಗಮನಿಸಿ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಅದು 25.5 ಇಂಚು. ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 24.75 ಇಂಚು. ಅದೇ ತಂತಿ, ಅದೇ ಸ್ವರ ಇದ್ದರೂ ಚಿಕ್ಕ ಸ್ಕೇಲ್‌ನಲ್ಲಿ ಬಿಗಿತ ಸುಮಾರು 6 ಶೇಕಡಾ ಕಡಿಮೆ. ಬ್ಯಾಂಡಿನಲ್ಲಿ ಎರಡೂ ಬಗೆಯ ಗಿಟಾರ್ ಇದ್ದರೆ ಇಬ್ಬರಿಗೂ ಒಂದೇ ಸೆಟ್ ತಂತಿ ಬೇಕು ಅಂತೇನಿಲ್ಲ.

ಮೂರನೇ ಹೆಜ್ಜೆ: ಗಿಟಾರನ್ನು ಹೊಸ ಶ್ರುತಿಗೆ ಹೊಂದಿಸಿ

ಈ ಕೆಲಸವನ್ನು ಶೋಗೆ ಒಂದು ವಾರ ಮೊದಲಾದರೂ ಮುಗಿಸಿ. ಎಲ್ಲವನ್ನೂ ಹೊಸ ತಂತಿ ಹಾಕಿ, ಹೊಸ ಶ್ರುತಿಗೆ ಏರಿಸಿದ ಮೇಲೆಯೇ ಮಾಡಬೇಕು.

ಮೊದಲು ನೆಕ್, ಅಂದರೆ ಗಿಟಾರ್‌ನ ಕತ್ತು. ತಂತಿಗಳು ನೆಕ್ಕನ್ನು ಮುಂದಕ್ಕೆ ಎಳೆಯುತ್ತವೆ, ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಹಿಂದಕ್ಕೆ ತಳ್ಳುತ್ತದೆ. ತಂತಿ ಸಡಿಲವಾದರೆ ರಾಡ್ ಗೆಲ್ಲುತ್ತದೆ, ನೆಕ್ ನೆಟ್ಟಗಾಗಿ ಅಥವಾ ಹಿಂದಕ್ಕೆ ಬಾಗಿ ಮೊದಲ ಕೆಲವು ಫ್ರೆಟ್‌ಗಳಲ್ಲಿ ಝರ್ ಅನ್ನುವ ಸದ್ದು ಬರುತ್ತದೆ. ಪರೀಕ್ಷಿಸುವುದು ಸುಲಭ. ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಕಡೆ ಆರನೇ ತಂತಿಯನ್ನು ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ ಸಡಿಲಿಸಿ, ಜಾಸ್ತಿ ಇದ್ದರೆ ಬಿಗಿಮಾಡಿ. ಒಮ್ಮೆಗೆ ಕಾಲು ಸುತ್ತು ಮಾತ್ರ. ತಿರುಗಿಸಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ರಾಡ್ ಬಲವಾಗಿ ಹಿಡಿದುಕೊಂಡಿದ್ದರೆ ಬಲ ಹಾಕಬೇಡಿ. ಗಿಟಾರ್ ರಿಪೇರಿ ಮಾಡುವವರ ಕೈಗೆ ಕೊಡಿ.

ಆಮೇಲೆ ನಟ್, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಸಂದುಗಳಿರುವ ಪಟ್ಟಿ. ದಪ್ಪ ತಂತಿ ಹಳೆಯ ಸಂದಿನಲ್ಲಿ ಸಿಕ್ಕಿಕೊಂಡರೆ, ಕೀಲಿ ತಿರುಗಿಸುವಾಗ ಟಿಣ್ ಅಂತ ಶಬ್ದ ಬಂದು ಸ್ವರ ಒಮ್ಮೆಲೇ ಹಾರುತ್ತದೆ. ಸ್ಟೇಜ್ ಮೇಲೆ ಶ್ರುತಿ ನಿಲ್ಲದಿರುವುದಕ್ಕೆ ನಾನು ಕಂಡ ಮಟ್ಟಿಗೆ ಅತಿ ದೊಡ್ಡ ಕಾರಣ ಇದೇ, ಎಲ್ಲರೂ ಬೈಯುವುದು ಮಾತ್ರ ಕೀಲಿಗಳನ್ನು. ಪೆನ್ಸಿಲ್ ಸೀಸದ ಪುಡಿಯನ್ನು ಸಂದಿಗೆ ಸವರಿದರೆ ಸಣ್ಣಪುಟ್ಟ ತೊಂದರೆ ಹೋಗುತ್ತದೆ. ಅದರಿಂದ ಸರಿಯಾಗದಿದ್ದರೆ ಸಂದನ್ನು ಅಗಲ ಮಾಡಬೇಕು. ನಟ್ ಅರ ಇಲ್ಲದವರು ಅದಕ್ಕೆ ಕೈಹಾಕಬಾರದು, ಒಮ್ಮೆ ಆಳವಾದರೆ ಹಿಂದಕ್ಕೆ ಬರುವುದಿಲ್ಲ.

ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಭಾಗ) ಎತ್ತರಕ್ಕೆ ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಿರಿ. ದಪ್ಪ ತಂತಿಗೆ ಸುಮಾರು 2 ಮಿಲಿಮೀಟರ್, ತೆಳು ತಂತಿಗೆ ಸುಮಾರು 1.5 ಮಿಲಿಮೀಟರ್‌ನಿಂದ ಶುರು ಮಾಡಿ. ಆಮೇಲೆ ಮನೆಯಲ್ಲಿ ಮೀಟುವಂತೆ ಅಲ್ಲ, ಸ್ಟೇಜ್ ಮೇಲೆ ಮೀಟುವಷ್ಟೇ ಜೋರಾಗಿ ಮೀಟಿ ನೋಡಿ.

ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವಂತೆ ಮಾಡುವುದು. ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮೊನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಮೀಟುವ ಸ್ವರ) ನುಡಿಸಿ, ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ತೋರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜ್ ಮೇಲೆ ಆ ತಂತಿ ಕೂತಿರುವ ಸ್ಯಾಡಲನ್ನು ನೆಕ್‌ನಿಂದ ದೂರ ಸರಿಸಿ, ಕೆಳಗಿದ್ದರೆ ಹತ್ತಿರ ತನ್ನಿ.

ತೇಲುವ ಬ್ರಿಡ್ಜ್ ಇರುವವರಿಗೆ, ಅಂದರೆ ಫ್ಲಾಯ್ಡ್ ರೋಸ್ ಥರದ್ದು ಇರುವವರಿಗೆ, ಇನ್ನೊಂದು ಕೆಲಸ ಇದೆ. ಅಲ್ಲಿ ತಂತಿಗಳ ಎಳೆತಕ್ಕೂ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ಸಮತೂಕ ಇರಬೇಕು. ತಂತಿ ಸಡಿಲವಾದರೆ ಬ್ರಿಡ್ಜ್ ಹಿಂದಕ್ಕೆ ಕುಸಿಯುತ್ತದೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದಿರುವ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ, ಪ್ರತಿ ಸಲವೂ ಟ್ಯೂನ್ ಮಾಡುತ್ತಾ, ಬ್ರಿಡ್ಜ್ ಬಾಡಿಗೆ ಸಮಾನವಾಗಿ ನಿಲ್ಲುವವರೆಗೆ ತನ್ನಿ. ತಾಳ್ಮೆ ಬೇಕು. ಇಂಥ ಗಿಟಾರ್‌ನಲ್ಲಿ ಶೋ ನಡುವೆ ಟ್ಯೂನಿಂಗ್ ಬದಲಿಸುವ ಯೋಚನೆಯನ್ನೇ ಬಿಡಿ. ಒಂದು ತಂತಿ ಮುಟ್ಟಿದರೆ ಉಳಿದ ಐದೂ ಅಲುಗಾಡುತ್ತವೆ.

ನಾಲ್ಕನೇ ಹೆಜ್ಜೆ: ಬ್ಯಾಂಡಿನ ಉಳಿದವರು

ಬಾಸ್ ಕೂಡ ಅಷ್ಟೇ ಇಳಿಯಬೇಕು. ಐದು ತಂತಿಯ ಬಾಸ್ ಇದ್ದರೆ ಇಳಿಸದೆಯೂ ನಡೆಯುತ್ತದೆ, ಬಿ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಇ ಫ್ಲಾಟ್ ಸಿಗುತ್ತದೆ. ಆದರೆ ಬಿಟ್ಟ ತಂತಿಯ ಮೇಲೆ ಕಟ್ಟಿದ ಸಾಲುಗಳು ಹೋಗುತ್ತವೆ, ಹಾಗಾಗಿ ಗಿಟಾರ್ ಜೊತೆ ಇಳಿಸುವುದೇ ಲೇಸು.

ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ -1 ಒತ್ತಿದರೆ ಆಯಿತು ಅನಿಸುತ್ತದೆ, ಅಲ್ವಾ? ಒಂದು ಅಡ್ಡಿ ಇದೆ. ಒಂದೊಂದು ಕೀಗೆ ಒಂದೊಂದು ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿದ ಸದ್ದು) ಜೋಡಿಸಿಟ್ಟಿದ್ದರೆ ಟ್ರಾನ್ಸ್‌ಪೋಸ್ ಮಾಡಿದಾಗ ಅವೂ ಒಂದು ಕೀ ಪಕ್ಕಕ್ಕೆ ಸರಿಯಬಹುದು. ಚಪ್ಪಾಳೆ ಬರಬೇಕಾದ ಕಡೆ ಇನ್ನೇನೋ ಮೊಳಗುತ್ತದೆ. ಪ್ರಾಕ್ಟೀಸ್‌ನಲ್ಲೇ ಒಂದೊಂದನ್ನೂ ಒತ್ತಿ ನೋಡಿಕೊಳ್ಳಿ.

ಬ್ಯಾಕಿಂಗ್ ಟ್ರ್ಯಾಕ್ ಬಳಸುವ ಬ್ಯಾಂಡುಗಳು ಮೂಲ ಪ್ರಾಜೆಕ್ಟ್ ತೆರೆದು ಹೊಸ ಶ್ರುತಿಯಲ್ಲಿ ಮತ್ತೆ ಫೈಲ್ ಮಾಡಬೇಕು. ಪೂರ್ತಿ ಮಿಕ್ಸನ್ನು ಒಟ್ಟಿಗೆ ಇಳಿಸಬೇಡಿ. ಡ್ರಮ್ಸ್ ಮತ್ತು ಪರ್ಕಶನ್ ಹಾಗೇ ಬಿಟ್ಟು ಸ್ವರ ಇರುವ ಟ್ರ್ಯಾಕ್‌ಗಳನ್ನು ಮಾತ್ರ ಇಳಿಸಿ, ಇಲ್ಲದಿದ್ದರೆ ಸ್ನೇರ್ ಸಪ್ಪೆಯಾಗುತ್ತದೆ. ಸ್ಟೇಜ್ ಮೇಲಿರುವ ಡ್ರಮ್ಸ್‌ಗೆ ಏನೂ ಮಾಡಬೇಕಿಲ್ಲ.

ಸ್ಯಾಕ್ಸೊಫೋನ್, ಟ್ರಂಪೆಟ್ ನುಡಿಸುವವರು ಮಾತ್ರ ಈ ಬದಲಾವಣೆಗೆ ಖುಷಿಪಡುತ್ತಾರೆ. ಈ ವಾದ್ಯಗಳಿಗೆ ಬರೆಯುವ ಸ್ವರದ ಹೆಸರೇ ಬೇರೆ, ನಿಜವಾಗಿ ಕೇಳಿಸುವ ಸ್ವರವೇ ಬೇರೆ. ಗಿಟಾರ್‌ನವರ ಮೆಚ್ಚಿನ ಇ ಕೀ, ಆಲ್ಟೊ ಸ್ಯಾಕ್ಸ್‌ನವರಿಗೆ ಸಿ ಶಾರ್ಪ್ ಆಗಿ ಬರುತ್ತದೆ, ಅದರಲ್ಲಿ ಏಳು ಶಾರ್ಪ್‌ಗಳು. ಅದೇ ಹಾಡು ಇ ಫ್ಲಾಟ್‌ಗೆ ಇಳಿದರೆ ಅವರಿಗೆ ಸರಳವಾದ ಸಿ ಕೀ. ಟ್ರಂಪೆಟ್‌ಗೆ ಎಫ್ ಶಾರ್ಪ್ ಹೋಗಿ ಎಫ್ ಬರುತ್ತದೆ.

ಇನ್ನು ಮಾತಿನ ಗೊಂದಲ. ಇಳಿಸಿದ ಗಿಟಾರ್‌ನಲ್ಲಿ ಜಿ ಆಕಾರ ಹಿಡಿದರೆ ಕೇಳಿಸುವುದು ಜಿ ಫ್ಲಾಟ್. ಗಿಟಾರ್‌ನವರು 'ಜಿ' ಅಂತ ಕೂಗುತ್ತಾರೆ, ಟ್ರಾನ್ಸ್‌ಪೋಸ್ ಮಾಡದ ಕೀಬೋರ್ಡ್‌ನವರು ಜಿ ಒತ್ತುತ್ತಾರೆ, ಎಲ್ಲ ಕೆಡುತ್ತದೆ. ಬ್ಯಾಂಡಿನಲ್ಲಿ ಎಲ್ಲರೂ ಆಕಾರದ ಹೆಸರನ್ನೇ ಹೇಳುವುದೋ, ನಿಜವಾಗಿ ಕೇಳಿಸುವ ಸ್ವರದ ಹೆಸರನ್ನೇ ಹೇಳುವುದೋ ಮೊದಲೇ ಒಪ್ಪಿಕೊಳ್ಳಿ. ಅತಿಥಿಯಾಗಿ ಬರುವವರಿಗೆ ಕಾರ್ಡ್ ಹಾಳೆ ಕೊಡುವಾಗ ಎರಡನ್ನೂ ಬರೆಯಿರಿ.

ಐದನೇ ಹೆಜ್ಜೆ: ಹಾಡುಗಳ ಸರದಿ

ಎಲ್ಲ ಹಾಡುಗಳನ್ನೂ ಒಂದೇ ಶ್ರುತಿಗೆ ತಂದರೆ ತಲೆನೋವೇ ಇಲ್ಲ. ಸಾಧ್ಯವಾದರೆ ಹಾಗೇ ಮಾಡಿ ಅನ್ನುವುದು ನನ್ನ ಸಲಹೆ. ಒಂದೆರಡು ಹಾಡು ಮಾತ್ರ ಮೂಲ ಶ್ರುತಿಯಲ್ಲೇ ಬೇಕು ಅಂದರೆ, ಇಳಿಸಿದ ಗಿಟಾರ್‌ನ ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿದರೆ ಸ್ಟ್ಯಾಂಡರ್ಡ್ ಆಗಿಬಿಡುತ್ತದೆ. ಹಾಕಿದ ಮೇಲೆ ಒಮ್ಮೆ ಟ್ಯೂನರ್ ನೋಡಿ, ಕ್ಯಾಪೊ ಸ್ವರವನ್ನು ಸ್ವಲ್ಪ ಮೇಲೆ ತಳ್ಳುತ್ತದೆ.

ಎರಡು ಶ್ರುತಿ ಅನಿವಾರ್ಯವಾದರೆ ಪ್ರತಿಯೊಂದಕ್ಕೂ ಬೇರೆ ಗಿಟಾರ್ ಇರಲಿ. ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಡಿ, ಶೋ ಪೂರ್ತಿ ಒಂದೇ ಒಂದು ಸಲ ಬದಲಾವಣೆ ಇರಲಿ. ಗಾಯಕರು ಜನರ ಜೊತೆ ಮಾತಾಡುವ ಜಾಗ ಅದಕ್ಕೆ ಒಳ್ಳೆಯದು.

ಎರಡನೇ ಗಿಟಾರ್ ಇಲ್ಲದವರಿಗೆ ಶ್ರುತಿ ಇಳಿಸುವ ಪೆಡಲ್‌ಗಳಿವೆ. ಡಿಜಿಟೆಕ್ ಡ್ರಾಪ್ ಅಂಥದ್ದು. ತಂತಿ ಸ್ಟ್ಯಾಂಡರ್ಡ್‌ನಲ್ಲೇ ಇರುತ್ತದೆ, ಪೆಡಲ್ ಸ್ವರವನ್ನು ಇಳಿಸಿ ಆಂಪ್‌ಗೆ ಕಳಿಸುತ್ತದೆ. ಪೆಡಲ್‌ಗಳ ಸಾಲಿನಲ್ಲಿ ಅದು ಡಿಸ್ಟಾರ್ಶನ್‌ಗಿಂತ (ದನಿಯನ್ನು ಒರಟಾಗಿಸುವ ಪೆಡಲ್) ಮುಂಚೆ ಬರಬೇಕು. ಅರ್ಧ ಸ್ವರ, ಒಂದು ಸ್ವರಕ್ಕೆ ಕೆಲಸ ಚೆನ್ನಾಗಿಯೇ ಮಾಡುತ್ತದೆ, ಇನ್ನೂ ಕೆಳಗೆ ಹೋದಂತೆ ದನಿ ಕೃತಕವಾಗುತ್ತದೆ. ಸಣ್ಣ ಕೋಣೆಯಲ್ಲಿ ಕಡಿಮೆ ಸದ್ದಿನಲ್ಲಿ ನುಡಿಸಿದರೆ ತಂತಿಯ ನಿಜ ಸ್ವರವೂ ಆಂಪ್‌ನ ಸ್ವರವೂ ಒಟ್ಟಿಗೆ ಕೇಳಿ ಕಿವಿಗೆ ಹಿಂಸೆಯಾಗುತ್ತದೆ. ಸ್ಟೇಜ್‌ನ ಸದ್ದಿನಲ್ಲಿ ಆ ತೊಂದರೆ ಇಲ್ಲ.

ಆರನೇ ಹೆಜ್ಜೆ: ಆಂಪ್ ಸೆಟ್ಟಿಂಗ್

ಸ್ಟ್ಯಾಂಡರ್ಡ್‌ನಲ್ಲಿ ಗಿಟಾರ್‌ನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಸ್. ಡಿಗೆ ಇಳಿಸಿದರೆ 73. ಅಲ್ಲಿ ಆಗಲೇ ಬಾಸ್ ಮತ್ತು ಕಿಕ್ ಡ್ರಮ್ ಇರುತ್ತವೆ. ಹಳೆಯ ಸೆಟ್ಟಿಂಗ್ ಹಾಗೇ ಬಿಟ್ಟರೆ ಮೂವರೂ ಸೇರಿ ರಾಡಿಯಾಗುತ್ತದೆ. ಆಂಪ್‌ನಲ್ಲಿ ಬಾಸ್ ನಾಬ್ ಇಳಿಸಿ, ಗೇನ್ ಸ್ವಲ್ಪ ಇಳಿಸಿ, ಮಿಡ್ ಏರಿಸಿ. ಒಬ್ಬರೇ ನುಡಿಸುವಾಗ ದನಿ ತೆಳುವಾಯಿತು ಅನಿಸುತ್ತದೆ, ಬ್ಯಾಂಡ್ ಜೊತೆ ಸೇರಿದಾಗ ಅದೇ ಸರಿಯಾಗಿ ಕೂರುತ್ತದೆ. ಸೌಂಡ್ ಎಂಜಿನಿಯರ್‌ಗೂ ಎಷ್ಟು ಇಳಿಸಿದ್ದೀರಿ ಅಂತ ಮೊದಲೇ ಹೇಳಿ.

ಶೋ ದಿನ

ಹೊಸ ತಂತಿಯನ್ನು ಹಿಂದಿನ ದಿನವೇ ಹಾಕಿ, ಕೈಯಿಂದ ಮೆಲ್ಲಗೆ ಎಳೆದು ಎಳೆದು ಮತ್ತೆ ಮತ್ತೆ ಟ್ಯೂನ್ ಮಾಡಿ. ಎಳೆದರೂ ಸ್ವರ ಇಳಿಯದಿದ್ದರೆ ತಂತಿ ಪಳಗಿದೆ ಅಂತ ಅರ್ಥ.

ಪೆಡಲ್ ಟ್ಯೂನರ್‌ನ ಸೆಟ್ಟಿಂಗ್ ನೋಡಿಕೊಳ್ಳಿ. ಎಷ್ಟೋ ಟ್ಯೂನರ್‌ಗಳಲ್ಲಿ ಫ್ಲಾಟ್ ಮೋಡ್ ಇದೆ. ಅದರಲ್ಲಿ ಇ ಫ್ಲಾಟ್ ನುಡಿಸಿದರೂ ಪರದೆ ಮೇಲೆ ಇ ಅಂತಲೇ ಬರುತ್ತದೆ. ಒಬ್ಬರ ಟ್ಯೂನರ್ ಈ ಮೋಡ್‌ನಲ್ಲಿದ್ದು ಇನ್ನೊಬ್ಬರದು ಇಲ್ಲದಿದ್ದರೆ ಇಬ್ಬರಿಗೂ ಇ ಅಂತಲೇ ಕಾಣಿಸುತ್ತದೆ, ನುಡಿಸುವಾಗ ಮಾತ್ರ ಅರ್ಧ ಸ್ವರದ ಅಂತರ. ಎಲ್ಲರೂ ನುಡಿಸಿದ ಸ್ವರವನ್ನೇ ತೋರಿಸುವ ಮಾಮೂಲು ಕ್ರೊಮ್ಯಾಟಿಕ್ ಮೋಡ್‌ನಲ್ಲಿ, ಎ 440 ಹರ್ಟ್ಸ್‌ನಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಕೆಲವು ಟ್ಯೂನರ್‌ಗಳು ಇ ಫ್ಲಾಟ್ ಅನ್ನು ಡಿ ಶಾರ್ಪ್ ಅಂತ ತೋರಿಸುತ್ತವೆ, ಗಾಬರಿ ಬೇಡ, ಎರಡೂ ಒಂದೇ.

ಟ್ಯೂನ್ ಮಾಡುವಾಗ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಮೇಲೆ ಹೋಗಿದ್ದರೆ ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಕೀಲಿಯಲ್ಲಿ ಸಡಿಲು ಉಳಿದು, ಮೊದಲ ಬೆಂಡ್‌ಗೇ ಸ್ವರ ಜಾರುತ್ತದೆ. ದಪ್ಪ ತಂತಿಯನ್ನು ಹಾಡಿನಲ್ಲಿ ಮೀಟುವಷ್ಟೇ ಜೋರಾಗಿ ಮೀಟಿ ಟ್ಯೂನ್ ಮಾಡಿ. ಬಲಗೈ ತುಂಬ ಜೋರಾಗಿದ್ದರೆ ಆರನೇ ತಂತಿಯನ್ನು ಕೂದಲೆಳೆಯಷ್ಟು ಕೆಳಗೇ ಬಿಡಿ. ಮೀಟಿದಾಗ ಅದು ತಾನಾಗಿ ಮೇಲೇರಿ ಸರಿಯಾಗುತ್ತದೆ. ಸ್ವಲ್ಪ ದಪ್ಪ ಪಿಕ್ ಕೂಡ ಸಡಿಲ ತಂತಿಯ ಮೇಲೆ ಹಿಡಿತ ಕೊಡುತ್ತದೆ.

ಗಿಟಾರ್‌ಗಳನ್ನು ಬ್ಯಾಗಿನಿಂದ ತೆಗೆದು ಬೇಗನೇ ಸ್ಟೇಜ್ ಮೇಲೆ ಇಡಿ. ದೀಪಗಳ ಬಿಸಿಗೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಬಯಲಿನಲ್ಲಿ ರಾತ್ರಿ ತಣ್ಣಗಾದಂತೆ ಏರುತ್ತದೆ. ಎರಡು ಹಾಡು ಆದ ಮೇಲೆ ಒಮ್ಮೆ ಎಲ್ಲರೂ ಟ್ಯೂನರ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಾಲ್ಕಾರು ಸೆಕೆಂಡು ಸದ್ದು ನಿಂತರೆ ಯಾರೂ ಬೇಸರಪಡುವುದಿಲ್ಲ.

ತಂತಿ ಹರಿದಾಗ ಎತ್ತಿಕೊಳ್ಳುವ ಬದಲಿ ಗಿಟಾರ್ ಕೂಡ ಇಳಿಸಿದ ಶ್ರುತಿಯಲ್ಲೇ, ಅದೇ ದಪ್ಪದ ತಂತಿಯಲ್ಲೇ ಇರಬೇಕು. ಪ್ರತಿ ಗಿಟಾರ್‌ನ ತಲೆಯ ಹಿಂದೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ ಅದರ ಶ್ರುತಿಯನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಹಾಡಿನ ಪಟ್ಟಿಯಲ್ಲೂ ಪ್ರತಿ ಹಾಡಿನ ಮುಂದೆ ಅದೇ ಗುರುತು ಇರಲಿ, ಗಿಟಾರ್ ಎತ್ತಿಕೊಡುವವರು ಕತ್ತಲಲ್ಲಿ ಯಾರನ್ನೂ ಕೇಳಬೇಕಾಗುವುದಿಲ್ಲ.